ಗಾಳಿ ನುಂಗಿ ಆಡಿದ ಮಾತು

ಹೊಸಪೇಟೆಯ ಬಸ್ ನಿಲ್ದಾಣದ ಎದುರಿಗೆ ಕಾರ್ತಿಕದ ಮೊದಲ ವಾರದಲ್ಲಿ ಒಂದು ದೊಡ್ಡ ಫ್ಲೆಕ್ಸ್ ಏರಿತು. ಮಾತು ಬಾರದವರಿಗೆ ಮಾತು ಕಲಿಸುವ ವಾಕ್ ಚಿಕಿತ್ಸಕರ ರಾಷ್ಟ್ರೀಯ ಸಮ್ಮೇಳನವು ಆ ತಿಂಗಳ ಕೊನೆಗೆ ಊರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಲಿದೆಯೆಂದು ಅದು ಸಾರುತ್ತಿತ್ತು. ಕೆಳಗೆ ವಿಶೇಷ ಉಪನ್ಯಾಸಕರೆಂದು ನಾಲ್ವರ ಭಾವಚಿತ್ರ. ಚೆನ್ನೈಯ ಶಸ್ತ್ರವೈದ್ಯರು, ಮುಂಬೈಯ ಹಿರಿಯ ಪ್ರಾಧ್ಯಾಪಕಿ, ದಿಲ್ಲಿಯ ಸಂಶೋಧಕರು. ಮೂವರ ಹೆಸರಿನ ಬೆನ್ನಿಗೂ ಪದವಿಗಳ ದಿಬ್ಬಣವೇ ಹೊರಟಿತ್ತು. ನಾಲ್ಕನೆಯದು ಕೊರಳಿಗೆ ಬಿಳಿಯ ಟವೆಲು ಸುತ್ತಿಕೊಂಡು, ಹಣೆತುಂಬ ವಿಭೂತಿಯಿಟ್ಟ ಮುಖ. ಅದರ ಕೆಳಗೆ ‘ಶ್ರೀ ಜಂಬಪ್ಪ, ಪಾಪಿನಾಯಕನಹಳ್ಳಿ’ ಎಂದಷ್ಟೇ ಇತ್ತು.

ಆ ಜಂಬಪ್ಪ ತನ್ನ ಚಿತ್ರದ ಕೆಳಗೇ ನಿಂತು ಮೇಲೆ ನೋಡುತ್ತಿದ್ದ. ಯಾರಾದರೂ ಗುರುತು ಹಿಡಿದಾರೆಂಬ ನಾಚಿಕೆ ಒಂದು ಕಡೆ. ಯಾರೂ ಹಿಡಿಯಲಿಲ್ಲವಲ್ಲ ಎಂಬ ಕಸಿವಿಸಿ ಇನ್ನೊಂದು ಕಡೆ.

“ಜಂಬಪ್ಪಾ, ಮ್ಯಾಲ ನೋಡಲೇ, ನೀನ ಅದಿ ಅಲ್ಲಿ!” ಹಳೆಯ ಗೆಳೆಯ ತೋಟಪ್ಪ ಬಂದು ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದ.

ಜಂಬಪ್ಪ ಕಿವಿ ಮುಟ್ಟಿ ತೋರಿಸಿ, ಆಮೇಲೆ ಕೊರಳು ಮುಟ್ಟಿ ತೋರಿಸಿದ. ಕಿವಿ ಗಟ್ಟಿಯಾಗಿದೆ, ಹೋಗಿರುವುದು ಇದು, ಎಂದು ಅರ್ಥ.

“ಗೊತ್ತೈತಲೇ. ಆದರ ಮಾತು ಇಲ್ಲದಾವನ ಮುಂದ ನನ್ನ ದನಿ ತಾನ ಏರತೈತಿ, ಏನ್ ಮಾಡ್ಲಿ,” ಎಂದು ತೋಟಪ್ಪ ಅಷ್ಟೇ ಜೋರಿನಲ್ಲಿ ಹೇಳಿದ. “ಡಾಕ್ಟರ್ ಮಂದಿ ನಡುವ ಕುಂತು ಬರ್ತಿ. ಬಂದ ಮ್ಯಾಲ ನನಗ ಇಂಜೆಕ್ಷನ್ ಚುಚ್ಚಬ್ಯಾಡ ಮತ್ತ.” ಉತ್ತರಕ್ಕೆ ಕಾಯದೆ ಅವನು ತನ್ನ ಗಾಡಿಗಳ ಕಡೆಗೆ ಓಡಿದ. “ಸಂಡೂರ್ ಸಂಡೂರ್ ಸಂಡೂರ್... ಕಂಪ್ಲಿ, ಯಾರ್ರೀ ಕಂಪ್ಲಿ?”

ಹಿಂದೆ ಆ ಕೂಗು ಜಂಬಪ್ಪನದಾಗಿತ್ತು. ಖಾಸಗಿ ಗಾಡಿಗಳಿಗೆ ಪ್ರಯಾಣಿಕರನ್ನು ಕೂಗಿ ಕರೆಯುವ ಕೆಲಸದಲ್ಲಿ ಅವನ ತಲೆ ಅರ್ಧ ನರೆತಿತ್ತು. ಅವನು ‘ಕಂಪ್ಲಿ’ ಎಂದು ಕೂಗಿದರೆ ಕಂಪ್ಲಿಗೆ ಹೋಗಬೇಕಾದವರಷ್ಟೇ ಅಲ್ಲ, ಹೋಗಬೇಕೋ ಬೇಡವೋ ಎಂದು ಅನುಮಾನದಲ್ಲಿ ನಿಂತವರೂ ಬಂದು ಹತ್ತುತ್ತಿದ್ದರು ಎಂದು ಜನ ನಗುತ್ತಿದ್ದರು. ಹೊಟ್ಟೆಯ ಪಾಡಿಗೆ ಹಗಲೆಲ್ಲ ಸವೆಸಿದ ಆ ಕಂಠವನ್ನು ಸೋಮವಾರ ಸಂಜೆ ಮಾತ್ರ ಅವನು ದೇವರಿಗೆ ಮೀಸಲಿಡುತ್ತಿದ್ದ. ಪಾಪಿನಾಯಕನಹಳ್ಳಿಯ ಗುಡಿಯ ಭಜನೆಯಲ್ಲಿ ಅವನು ವಿರೂಪಾಕ್ಷನ ಪದ ಎತ್ತಿಕೊಂಡನೆಂದರೆ ತಾಳ ಹಿಡಿದವರ ಕೈ ಒಂದು ಕ್ಷಣ ತಾಳ ಮರೆಯುತ್ತಿತ್ತು. ಕೊಟ್ಟವನು ಕೊಟ್ಟದ್ದನ್ನು ಕೇಳಿ ಸಂತೋಷಪಡುವಂತಹ ಕಂಠ ಅದು.

ಆ ಗಂಟಲಿನಲ್ಲಿಯೇ ಗಡ್ಡೆ ಎದ್ದಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನು ಪೂರಾ ತೆಗೆಯಬೇಕೆಂದರು, ತೆಗೆದರು. ಕೊರಳಿನ ಬುಡದಲ್ಲಿ ಒಂದು ರಂಧ್ರ ಮಾಡಿ ಉಸಿರಿಗೆ ಅಲ್ಲಿಯೇ ದಾರಿ ಕೊಟ್ಟರು. ಅಂದಿನಿಂದ ಉಸಿರು ಮೂಗಿಗೆ ಬಾರದು, ಬಾಯಿಗೆ ಬಾರದು. ಕಂಪ್ಲಿಯ ಅತ್ತೆಮನೆಯಿಂದ ಹೊಸ ಅಕ್ಕಿ ಬಂದು ಮನೆಯಲ್ಲಿ ಬೆಂದಾಗ ಅದರ ಪರಿಮಳ ಅವನನ್ನು ಬಿಟ್ಟು ಉಳಿದವರಿಗೆಲ್ಲ ಸಿಗುತ್ತಿತ್ತು. ಭಜನೆಯಲ್ಲಿ ಸಾಂಬ್ರಾಣಿಯ ಹೊಗೆ ನೇರವಾಗಿ ಕೊರಳಿನ ರಂಧ್ರಕ್ಕೆ ನುಗ್ಗಿ ಕೆಮ್ಮು ಹತ್ತುತ್ತಿದ್ದುದರಿಂದ ಅವನು ಗುಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು, ಒಳಗಿನ ಪದಕ್ಕೆ ಬರಿಯ ತುಟಿ ಆಡಿಸುತ್ತಿದ್ದ. ಗಾಡಿಗಳ ಕೆಲಸ ತೋಟಪ್ಪನ ಪಾಲಾಯಿತು. ಜಂಬಪ್ಪನಿಗೆ ಹಂಪಿಯ ಕಡೆಯ ಒಂದು ಬಾಳೆತೋಟದ ಕಾವಲು ಸಿಕ್ಕಿತು. ಬಾಳೆಗಿಡಗಳ ಜೊತೆ ಮಾತನಾಡುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಮೌನವೂ ಒಂದು ತಪಸ್ಸು ಎನ್ನುವುದುಂಟು. ತಾನಾಗಿ ಹಿಡಿದ ಮೌನ ತಪಸ್ಸೇ ಸರಿ. ಮೇಲೆ ಬಂದು ಬಿದ್ದ ಮೌನ ಮಾತ್ರ ಸೆರೆಮನೆ.

ಆ ಸೆರೆಮನೆಯ ಬಾಗಿಲನ್ನು ಹುಡುಕಿಕೊಟ್ಟವಳು ಗಾಯತ್ರಿ. ಹೊಸಪೇಟೆಯ ಒಂದು ಸಣ್ಣ ಚಿಕಿತ್ಸಾಲಯದಲ್ಲಿ ಕುಳಿತು, ವಾರಕ್ಕೊಮ್ಮೆ ಸಂಡೂರಿಗೂ ಕಂಪ್ಲಿಗೂ ಹೋಗಿ ಮಾತು ಕಲಿಸಿ ಬರುವ ವಾಕ್ ಚಿಕಿತ್ಸಕಿ. ಬಾಯೊಳಗಿನ ಗಾಳಿಯನ್ನು ನಾಲಿಗೆಯಿಂದ ಒತ್ತಿ ಅನ್ನನಾಳಕ್ಕೆ ನೂಕಬೇಕು. ಅದು ತೇಗಿನಂತೆ ಮರಳಿ ಬರುವಾಗ ತುಟಿ ನಾಲಿಗೆಗಳಿಂದ ಅದಕ್ಕೆ ಮಾತಿನ ರೂಪ ಕೊಡಬೇಕು. ಇದು ಅವಳು ಕಲಿಸಿದ ವಿದ್ಯೆ. ಪ, ತ, ಕ ಎಂಬಂತಹ ಅಕ್ಷರಗಳು ತಾವೇ ಗಾಳಿಯನ್ನು ಒಳಕ್ಕೆ ತಳ್ಳುವುದರಿಂದ ಬೇಗ ಒಲಿಯುತ್ತವೆ. ಬರಿಯ ಉಸಿರಿನಿಂದಲೇ ಹುಟ್ಟುವ ‘ಹ’ ಮಾತ್ರ ಒಲಿಯುವುದೇ ಇಲ್ಲ.

“ಮನೆಯವರ ಹೆಸರೇನ್ರೀ?” ಎಂದು ಗಾಯತ್ರಿ ಮೊದಲ ದಿನಗಳಲ್ಲಿ ಕೇಳಿದ್ದಳು. ಜಂಬಪ್ಪ ನಾಚಿ, ಚೀಟಿಯ ಮೇಲೆ ‘ತಾಯಕ್ಕ’ ಎಂದು ಬರೆದು ತೋರಿಸಿದ. ಗಾಯತ್ರಿಯ ಮುಖ ಅರಳಿತು. “ದೇವರೇ ಇಟ್ಟ ಹೆಸರು ಕಣ್ರೀ ಇದು. ತ ಇದೆ, ಕ ಇದೆ. ಇದನ್ನೇ ಹಿಡೀರಿ.”

ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಮನೆಯಲ್ಲಿ ಬೆಳೆದ ಗಾಯತ್ರಿಗೆ ಪಾಪಿನಾಯಕನಹಳ್ಳಿಯ ರೂಢಿ ತಿಳಿದಿರಲಿಲ್ಲ. ಅಲ್ಲಿ ಹೆಂಡತಿ ಗಂಡನ ಹೆಸರೆತ್ತುವುದಿಲ್ಲ. ಗಂಡನೂ ಹೆಂಡತಿಯನ್ನು ಮಕ್ಕಳ ಹೆಸರಿನಿಂದಲೇ ಕೂಗುತ್ತಾನೆ. ದರೋಜಿಗೆ ಕೊಟ್ಟ ಮಗಳು ಹೊಳೆಮ್ಮ ಹುಟ್ಟಿದ ಲಾಗಾಯ್ತು ಜಂಬಪ್ಪ ಹೊಸ್ತಿಲಲ್ಲಿ ನಿಂತು “ಹೊಳೆಮ್ಮಾ” ಎಂದರೆ ಒಳಗಿನಿಂದ ತಾಯಕ್ಕನೇ ಓಗೊಡುತ್ತಿದ್ದಳು. ಆ ಹೆಸರಿನ ಮೊದಲ ಅಕ್ಷರವೇ ಈಗ ಅವನಿಗೆ ನಿಷಿದ್ಧವಾಗಿತ್ತು. ಹೀಗಾಗಿ ತಿಂಗಳುಗಟ್ಟಲೆ ಗಾಳಿ ನುಂಗಿ ನುಂಗಿ, ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು, ಬಾಳಿನಲ್ಲಿಯೇ ಮೊದಲ ಸಲ, “ತಾಯಕ್ಕಾ” ಎಂದ.

ತಾಯಕ್ಕನ ಕೈಯ ರೊಟ್ಟಿ ಹಂಚಿನ ಮೇಲೆ ಬೀಳದೆ ಒಲೆಯ ಬೂದಿಗೆ ಬಿತ್ತು. ತಿರುಗಿ ನೋಡಿದವಳ ಮುಖದಲ್ಲಿ ಸಂತೋಷವಿರಲಿಲ್ಲ. ಕತ್ತಲ ಓಣಿಯಲ್ಲಿ ಅಪರಿಚಿತನೊಬ್ಬ ಹೆಸರು ಹಿಡಿದು ಕರೆದರೆ ಹೆಣ್ಣುಮಕ್ಕಳ ಮುಖ ಹೇಗಾಗುವುದೋ ಹಾಗಿತ್ತು.

“ಬ್ಯಾಡ್ರಿ,” ಎಂದಳು. “ಹಂಗ ಕರೀಬ್ಯಾಡ್ರಿ. ನೀವು ಸುಮ್ಕ ಇರ್ರಿ, ನಿಮ್ಮ ಮನಸಿನಾಗಿಂದು ನನಗ ಗೊತ್ತಾಕ್ಕೈತಿ.”

ನಿಜಕ್ಕೂ ಅವಳಿಗೆ ಗೊತ್ತಾಗುತ್ತಿತ್ತು. ನೀರು ಬೇಕೆನ್ನುವ ಮೊದಲೇ ತಂಬಿಗೆ ಬರುತ್ತಿತ್ತು. ಕೊರಳಿನ ರಂಧ್ರವನ್ನು ದಿನವೂ ಒರೆಸಿ, ಮೆತ್ತನೆಯ ಬಟ್ಟೆ ಕಟ್ಟುವ ಅವಳ ಬೆರಳುಗಳಲ್ಲಿ ಪೂಜೆಯ ಭಾವವಿತ್ತು. ನೆಂಟರಿಗೆ, ನೆರೆಯವರಿಗೆ, ತೋಟದ ಮಾಲೀಕರಿಗೆ ಅವನ ಪರವಾಗಿ ಅವಳೇ ಉತ್ತರ ಕೊಡುತ್ತಿದ್ದಳು. ಮಾತನ್ನು ಬಿಟ್ಟು ಉಳಿದೆಲ್ಲವನ್ನೂ ಅವಳು ಅವನಿಗೆ ಕೊಟ್ಟಳು. ಅವನೋ, ತಾನೇಕೆ ಹಾಗೆ ಕರೆದೆನೆಂಬುದನ್ನು ಬರೆದು ತಿಳಿಸೋಣವೆಂದರೆ ತಾಯಕ್ಕನಿಗೆ ಓದು ಬಾರದು. ಬಾಯಿಬಿಟ್ಟು ಹೇಳೋಣವೆಂದರೆ ಎರಡನೆಯ ತೇಗಿಗೇ ಅವಳು ಎದ್ದು ಹೋಗುತ್ತಾಳೆ. ಗಾಯತ್ರಿ ಬರಹೇಳಿದರೂ ಅವಳು ಚಿಕಿತ್ಸಾಲಯದ ಮೆಟ್ಟಿಲು ಹತ್ತಲಿಲ್ಲ.

ಸೋಮವಾರ ಸಂಜೆ ಮಾತ್ರ ಮನೆಯಲ್ಲಿ ಜಂಬಪ್ಪನ ದನಿ ಕೇಳಿಸುತ್ತಿತ್ತು. ಹಿಂದೆ ಯಾರೋ ಭಜನೆಯಲ್ಲಿ ಹಿಡಿದಿದ್ದ ಅವನ ಪದವೊಂದು ತಾಯಕ್ಕನ ಫೋನಿನಲ್ಲಿತ್ತು. ದೀಪ ಹಚ್ಚಿದ ಮೇಲೆ ಅದನ್ನು ಹಾಕಿ ದೇವರ ಮುಂದಿಟ್ಟು, ಕಣ್ಣು ಮುಚ್ಚಿ, ಸೆರಗು ಹೊದ್ದು ಕೂರುತ್ತಿದ್ದಳು. ಪದ ಮುಗಿದರೆ ಮತ್ತೆ ಮೊದಲಿನಿಂದ. ಅವಳ ಬದಿಯಲ್ಲಿಯೇ ಜಂಬಪ್ಪ ಕುಳಿತಿರುತ್ತಿದ್ದ. ಸತ್ತವರ ಹಾಡನ್ನು ಬದುಕಿದವರು ಕೇಳುವುದು ಲೋಕದಲ್ಲಿ ಉಂಟು. ಆ ಮನೆಯಲ್ಲಿ ಬದುಕಿದ್ದವನು ತನ್ನ ಹಾಡನ್ನು ತಾನೇ, ಕರೆಯದೆ ಬಂದ ನೆಂಟನಂತೆ, ಗೋಡೆಗೊರಗಿ ಕೇಳುತ್ತಿದ್ದ.

ಸಮ್ಮೇಳನದ ಸಂಗತಿ ಬಂದುದು ಇಂತಹ ದಿನಗಳಲ್ಲಿ. ಗಾಯತ್ರಿ ಹೇಳಿದಳು: “ಜಂಬಪ್ಪನವರೇ, ವೈದ್ಯರು, ಪ್ರಾಧ್ಯಾಪಕರು ಎಲ್ಲರೂ ನಿಮ್ಮಂಥವರ ಬಗ್ಗೆ ಮಾತಾಡ್ತಾರೆ. ಈ ಸಲ ನೀವೇ ಮಾತಾಡಬೇಕು. ವಿಶೇಷ ಉಪನ್ಯಾಸಕರಲ್ಲಿ ನಿಮ್ಮ ಹೆಸರನ್ನೂ ಸೇರಿಸಿದ್ದೇನೆ.”

ಅವನು ಎರಡು ಗುಟುಕು ಗಾಳಿ ನುಂಗಿ ಕೇಳಿದ: “ಯಾರು... ಕೇಳಾವರು?”

“ದೇಶದ ಎಲ್ಲಾ ಕಡೆಯಿಂದ ಬರ್ತಾರೆ.”

ದೇಶವೆಲ್ಲ ಕೇಳುವುದಾದರೆ ತಾಯಕ್ಕನೂ ಕೇಳಲೇಬೇಕಾದೀತು ಎಂಬ ಆಸೆಯೊಂದು ಅವನ ಎದೆಯಲ್ಲಿ ಮೊಳೆಯಿತು. ಮನೆಯಲ್ಲಿ ಎದ್ದು ಹೋಗಬಹುದು. ಸಭೆಯ ನಡುವಿನಿಂದ ಹೇಗೆ ಎದ್ದು ಹೋದಾಳು? ಅವನು ಒಪ್ಪಿದ.

ಅಲ್ಲಿಂದ ಸಿದ್ಧತೆ ನಡೆಯಿತು. ಭಾಷಣವನ್ನು ಗಾಯತ್ರಿ ಒಂದೊಂದು ಗುಟುಕಿಗೆ ತಕ್ಕಷ್ಟೇ ಮಾತುಗಳಾಗಿ ತುಂಡರಿಸಿ ಕೊಟ್ಟಳು. ಸಾಧ್ಯವಿದ್ದಲ್ಲೆಲ್ಲ ‘ಹ’ಕಾರ ಬಿಡಿಸಿದಳು. ಮನೆಯಲ್ಲಿ ಅಭ್ಯಾಸ ಮಾಡುವಂತಿರಲಿಲ್ಲ. ಬಾಳೆತೋಟದ ಕಾಲುವೆಯ ಬದುವಿನ ಮೇಲೆ, ಹಂಪಿಯ ಬಂಡೆಗಳಿಗೆ ಎದುರಾಗಿ ನಿಂತು, ಅವನು ಹೇಳಿದ್ದನ್ನೇ ಹೇಳಿದ. ಒಮ್ಮೆ ವಿದೇಶದ ಪ್ರವಾಸಿಯೊಬ್ಬ ಬೈಸಿಕಲ್ ನಿಲ್ಲಿಸಿ, ಯಾರಿಗೋ ಹೊಟ್ಟೆನೋವೆಂದು ತಿಳಿದು ನೀರಿನ ಬಾಟಲಿ ಚಾಚಿದ. ಜಂಬಪ್ಪ ಇಸಿದುಕೊಂಡು ಕುಡಿದ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಜನರ ಮುಂದೆ ನಿಲ್ಲುವ ರೂಢಿಯಾಗಲೆಂದು ಗಾಯತ್ರಿ ಅವನನ್ನು ಸಂಡೂರಿನ ಶಿಬಿರಕ್ಕೂ ಕರೆದೊಯ್ದಳು. ಅಲ್ಲಿ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರ ಮುಂದೆ ಅವನು ಭಾಷಣ ಒಪ್ಪಿಸಿದ. ತೊದಲು ಬಿಡಿಸಿಕೊಳ್ಳಲು ಬಂದ ಒಂದು ಹೆಣ್ಣುಮಗು ಹತ್ತಿರ ಬಂದು, “ತಾ... ತಾತ, ನಿನ್ನ ಹೊಟ್ಟ್ಯಾಗ ಕಪ್ಪಿ ಐತೇನು?” ಎಂದು ಕೇಳಿತು.

“ಐತಿ. ದೊಡ್ಡದೈತಿ,” ಎಂದ ಜಂಬಪ್ಪ.

“ಮತ್ತ... ಮತ್ತ ಮಾತಾಡ್ಸು ಅದನ್ನ.”

ತಾಯಂದಿರೆಲ್ಲ ನಕ್ಕರು. ಹಿಂದಿರುಗುವ ಗಾಡಿಯಲ್ಲಿ ಅವನು ಆ ಮಗುವನ್ನೇ ನೆನೆಯುತ್ತಿದ್ದ. ಮತ್ತೆ ಮಾತನಾಡು ಎಂದು ಅವನನ್ನು ಕೇಳಿದವರು, ಗಾಯತ್ರಿಯ ಹೊರತು, ಆ ಮಗುವೊಂದೇ.

ಸಮ್ಮೇಳನ ಸಮೀಪಿಸಿದಾಗ ಗಾಯತ್ರಿಗೆ ಹೊಸದೊಂದು ಯೋಚನೆ ಹೊಳೆಯಿತು. ಭಾಷಣಕ್ಕೆ ಮುಂಚೆ ಅವನ ಹಳೆಯ ಪದವನ್ನು ಸಭೆಗೆ ಕೇಳಿಸಿದರೆ, ಆಗ ಹೇಗಿತ್ತು, ಈಗ ಎಷ್ಟು ದೂರ ಬಂದಿದ್ದಾನೆ ಎಂಬುದು ಬಂದವರಿಗೆ ಮನವರಿಕೆಯಾದೀತು. ಅವಳ ವೃತ್ತಿಯವರು ಹೀಗೆಯೇ ಕೆಲಸ ಮಾಡುವುದು. ಮೊದಲು ಮತ್ತು ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವುದು. ಅವಳು ನೇರವಾಗಿ ತಾಯಕ್ಕನಿಗೇ ಫೋನ್ ಮಾಡಿ ಪದವನ್ನು ಕಳಿಸಿಕೊಡಲು ಕೇಳಿದಳು.

ತಾಯಕ್ಕನ ಸಂಭ್ರಮ ಹೇಳತೀರದು. ಮಗಳ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂತು. ಕಂಪ್ಲಿಯ ಅಕ್ಕ ಅಕ್ಕನಾಗಮ್ಮನಿಗೆ ಸುದ್ದಿ ಹೋಯಿತು: “ಅಕ್ಕ, ತಪ್ಪದ ಬಾ. ನಮ್ಮನಿಯವರ ಪದ ದೊಡ್ಡ ಸಭಾದಾಗ ಹಚ್ತಾರಂತ. ದಿಲ್ಲಿಯವರು ಕೇಳ್ತಾರಂತ.” ಹೊಸ್ತಿಲ ಬಳಿ ಕುಳಿತು ಜಂಬಪ್ಪ ಇದನ್ನೆಲ್ಲ ಕೇಳಿದ. ಅವಳು ಬರುವುದು ಖಂಡಿತವಾಯಿತು. ಬರುತ್ತಿರುವುದು ಯಾರನ್ನು ಕೇಳಲು ಎಂಬುದೂ ಖಂಡಿತವಾಯಿತು. ಆ ಸಂಜೆ ಅವನು ಊಟದ ತಟ್ಟೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತ. ಸುಮ್ಮನಿರುವುದೇ ಅವನ ಸ್ಥಿತಿಯಾದ್ದರಿಂದ ಅದರಲ್ಲಿನ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ.

ಸಮ್ಮೇಳನದ ದಿನ ಮಂಟಪದ ತುಂಬ ಜನ. ಚೆನ್ನೈಯವರು ಪರದೆಯ ಮೇಲೆ ಗಂಟಲಿನ ಒಳಗನ್ನು ತೋರಿಸಿದರು. ಮುಂಬೈಯ ಪ್ರಾಧ್ಯಾಪಕಿ ಪಾರ್ಶ್ವವಾಯುವಿನಿಂದ ಮಾತು ಮರೆತವರ ಕುರಿತು ಹೇಳಿದರು. ದಿಲ್ಲಿಯವರ ಮಾತಿನಲ್ಲಿ ಅಂಕಿಗಳೇ ಹೆಚ್ಚು. ಪ್ರತಿಯೊಬ್ಬರಿಗೂ ಶಾಲು, ಏಲಕ್ಕಿ ಹಾರ. ಜಂಬಪ್ಪನ ಸರದಿ ಬಂದಾಗ ಗಾಯತ್ರಿ ಮೊದಲೇ ಹೇಳಿಟ್ಟಿದ್ದಂತೆ ಹಾರವನ್ನು ಅವನ ಕೈಗೆ ಕೊಟ್ಟರು. ಮೂರನೆಯ ಸಾಲಿನಲ್ಲಿ ಅಕ್ಕನಾಗಮ್ಮ ಮುಖ ಸಿಂಡರಿಸಿದ್ದೂ, ತಾಯಕ್ಕ ತನ್ನ ಕೊರಳನ್ನು ಮುಟ್ಟಿ ತೋರಿಸಿ ಅವಳಿಗೆ ಏನೋ ತಿಳಿಹೇಳಿದ್ದೂ ಅವನಿಗೆ ವೇದಿಕೆಯಿಂದ ಕಂಡಿತು. ಹಾರ ಉಸಿರು ಕಟ್ಟುತ್ತದೆಂದು ಹೇಳುತ್ತಿದ್ದಾಳೆ. ಅವನ ಉಸಿರನ್ನು ಬಲ್ಲಷ್ಟು ಅವಳು ಅವನ ಮಾತನ್ನು ಬಲ್ಲವಳಾಗಿದ್ದರೆ!

ಗಾಯತ್ರಿ ಪದ ಹಾಕಲು ಕಂಪ್ಯೂಟರಿನವನಿಗೆ ಸನ್ನೆ ಮಾಡುವುದರಲ್ಲಿದ್ದಳು. ಜಂಬಪ್ಪ ಅವಳ ಕೈ ತಡೆದ.

“ಬ್ಯಾಡ.”

“ಯಾಕ್ರೀ? ಎಲ್ಲಾ ಸಿದ್ಧವಾಗಿದೆಯಲ್ಲ.”

“ಅವನ ಬೆನ್ನಿಗೆ... ನಾ ನಿಂದ್ರಾಕ... ಆಗಂಗಿಲ್ಲ.”

ಗಾಯತ್ರಿ ಅವನ ಮುಖ ನೋಡಿದಳು; ಮೊದಲು-ಆಮೇಲೆ ಎಂದು ಪಕ್ಕಪಕ್ಕದಲ್ಲಿಟ್ಟು ತೋರಿಸುವುದು ಒಬ್ಬ ಮನುಷ್ಯನ ಎರಡು ತುಂಡುಗಳನ್ನು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಅರಿವಾಗಿರಬೇಕು. ಕೈ ಕೆಳಗಿಳಿಸಿ, ಇಂಗ್ಲಿಷಿಗೆ ಅನುವಾದಿಸಲು ಅವನ ಬದಿಗೆ ಬಂದು ನಿಂತಳು.

ಅವನು ಮನಸ್ಸಿನಲ್ಲಿ ತನ್ನ ಹೆಸರಿನ ದೇವರು ಜಂಬುನಾಥನನ್ನು ನೆನೆದ. ತುಟಿ ಮುಚ್ಚಿದ, ನುಂಗಿದ.

“ನಾ ಜಂಬಪ್ಪ.” ಮೈಕಿನಲ್ಲಿ ಆ ದನಿ ಮರದ ಗಾಣ ತಿರುಗಿದಂತೆ ಕೇಳಿತು. “ಗಾಡಿ ಕೂಗ್ತಿದ್ದೆ. ಭಜನಿ ಮಾಡ್ತಿದ್ದೆ. ಕಂಠ ಕೊಯ್ದರು. ಜೀವ ಕೊಟ್ಟರು. ದೊಡ್ಡ ಉಪಕಾರ.”

ಇಲ್ಲಿಂದ ಮುಂದೆ, ಕಾಲುವೆಯ ಬದುವಿನ ಮೇಲೆ ಉರುಹೊಡೆದಿದ್ದ ಪ್ರಕಾರ, ಅಭ್ಯಾಸದ ಕ್ರಮವನ್ನು ವಿವರಿಸಬೇಕಾಗಿತ್ತು. ಅವನ ಕಣ್ಣು ಮೂರನೆಯ ಸಾಲಿಗೆ ಹೋಯಿತು. ತಾಯಕ್ಕ ಕಂಪ್ಯೂಟರಿನವನ ಕಡೆ ನೋಡುತ್ತಿದ್ದಳು; ಪದ ಯಾವಾಗ ಬರುತ್ತದೆಂದು.

“ನಮ್ಮ ಮನಿಯಾಗ... ಇಬ್ಬರು ಜಂಬಪ್ಪ ಅದೀವಿ,” ಎಂದ. “ಒಬ್ಬಾವ ಪೋನಿನ್ಯಾಗ ಅದಾನ. ಭಾಳ ಚಂದ ಕಂಠ. ಇನ್ನೊಬ್ಬಾವ... ಬಾಜೂಕ ಕುಂತಾನ. ನಮ್ಮನಿಯಾಕಿ... ಪೋನಿನಾವನ್ನ ಕೇಳ್ತಾಳ. ಬಾಜೂದಾವ ಕರದರ... ಬ್ಯಾಡ ಅಂತಾಳ. ತಪ್ಪು ಆಕಿದಲ್ಲ. ಆಕಿ ಗಂಡ... ಅಲ್ಲೇ ಉಳದಾನ.”

ಗಾಯತ್ರಿಯ ಅನುವಾದ ಒಮ್ಮೆ ತಡವರಿಸಿ, ಮತ್ತೆ ನಡೆಯಿತು.

“ನೀವು ಮಾತು ಕಲಸ್ತೀರಿ. ಪುಣ್ಯದ ಕೆಲಸ. ಮನಿಯಾಗ ಒಬ್ಬರಿಗಾದರೂ... ಕೇಳಾದು ಕಲಸ್ರಿ. ಕೇಳಾವರಿಲ್ಲದ ಮಾತು... ಗಂಟಲಾಗ ತಿರುಗಿ ಬೀಳ್ತೈತಿ. ನುಂಗಿದ ಗಾಳಿ... ನುಂಗಿದಂಗ ಉಳೀತೈತಿ. ಇಷ್ಟ... ನಂದು.”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂಬೈಯ ಪ್ರಾಧ್ಯಾಪಕಿ ಅವನ ಎರಡೂ ಕೈ ಹಿಡಿದು ಹಿಂದಿಯಲ್ಲಿ ಏನೇನೋ ಹೇಳಿದರು. ಅವನು ಅವರ ಭುಜದಾಚೆ ನೋಡುತ್ತಿದ್ದ. ಎಲ್ಲರೂ ನಿಂತಿದ್ದುದರಿಂದ ಮೊದಲು ಕಾಣಲಿಲ್ಲ. ಕುಳಿತ ಮೇಲೆ ಕಂಡಿತು. ಮೂರನೆಯ ಸಾಲಿನಲ್ಲಿ ಅಕ್ಕನಾಗಮ್ಮ ಒಬ್ಬಳೇ. ಅವಳ ಪಕ್ಕದ ಕುರ್ಚಿ ಖಾಲಿ.

ಸಭೆಯ ನಡುವಿನಿಂದಲೂ ಎದ್ದು ಹೋಗಿದ್ದಳು. ಅಷ್ಟು ಜನರ ಕರತಾಡನದ ನಡುವೆ ಜಂಬಪ್ಪನಿಗೆ ಆದ ಒಂಟಿತನ, ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂಡ ಆಗಿರಲಿಲ್ಲ. ಹಾರ ಹಿಡಿದುಕೊಂಡೇ ಅವನು ವೇದಿಕೆಯ ಪಕ್ಕದ ಬಾಗಿಲಿನಿಂದ ಹೊರಗೆ ಇಳಿದ.

ಚಪ್ಪಲಿ ಬಿಟ್ಟ ಜಾಗದ ಬಳಿ, ಬೇವಿನ ಮರದ ನೆರಳಿನಲ್ಲಿ ತಾಯಕ್ಕ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

“ಮನಿ ಮಾತು ಇಷ್ಟು ಮಂದಿ ಮುಂದ ಬಿಚ್ಚಿಟ್ರಲ್ಲ,” ಎಂದಳು. “ದಿಲ್ಲಿಯವರಿಗೂ ಗೊತ್ತಾತು, ಈಕಿ ಗಂಡನ್ನ ಮಾತಾಡಾಕ ಬಿಡಂಗಿಲ್ಲ ಅಂತ.”

“ದಿಲ್ಲಿಯವರಿಗೆ... ಕನ್ನಡ ಬರಂಗಿಲ್ಲ.”

“ಆ ಮೇಡಮ್ ಇಂಗ್ಲಿಷಿನ್ಯಾಗ ಹೇಳಿದ್ರಲ್ಲ, ಒಂದೂ ಬಿಡದ.”

ಅವನು ನುಂಗಿದ. “ಪೂರ್ತಿ... ಕೇಳಿದೇನು?”

“ಕೇಳ್ದೆ. ಮೈಕಿನ್ಯಾಗ ಹೇಳಿದ್ರ ಕೇಳದ ಇರಾಕ ಕಿವಿಗೆ ಬಾಗಿಲ ಐತೇನು? ಮುಗಿಯೂತನ ಕುಂತೆ. ಮಂದಿ ಎದ್ದು ನಿಂತ ಮ್ಯಾಲ ಎದ್ದೆ. ಅಳಾದು ನಾಕು ಮಂದಿ ನೋಡ್ಬೇಕೇನು?” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ದನಿಗೆ ಬ್ಯಾಡ ಅಂದಿಲ್ಲ. ಅಂದೆ ಅನ್ರಿ, ಸುಳ್ಳು ಯಾಕ. ಆದರ ಅವತ್ತು ಅಂಜಿದ್ದು ಹೆಸರಿಗೆ. ಯಾರೋ ಪರಗಂಡಸು ಬಾಗಿಲಿಗೆ ಬಂದು ಕರದಂಗಾತು. ಹೊಳೆಮ್ಮ ಹುಟ್ಟಿದಾಗಿಂದ ನೀವು ಯಾವತ್ತರ ನನ್ನ ಹೆಸರು ಹಿಡಿದಿದ್ರೇನು?”

“ಮಗಳದು... ಬಾಯಾಗ ಬರಂಗಿಲ್ಲ.” ಅವನು ಕೊರಳಿನ ಬಟ್ಟೆ ಮುಟ್ಟಿದ. “ಅದಕ ಉಸಿರು ಬೇಕು. ಉಸಿರು... ಇಲ್ಲೇ ತಪ್ಪಿಸಿಕೊಂತೈತಿ. ತಾಯಕ್ಕ ಅಂಬೋದು... ಸಲೀಸ ಬರತೈತಿ.”

ತಾಯಕ್ಕ ಅವನ ಕೊರಳನ್ನೇ ನೋಡಿದಳು. ದಿನವೂ ತಾನೇ ತೊಳೆಯುವ ಆ ಜಾಗವನ್ನು ಹೊಸದಾಗಿ ಕಂಡವಳಂತೆ ಬಹಳ ಹೊತ್ತು ನೋಡಿದಳು.

“ಇದನ್ನ ಮೊದಲ ಹೇಳಾಕ ಏನಾಗಿತ್ತು ನಿಮಗ?” ಎಂದಳು ಆಮೇಲೆ, ಸಿಟ್ಟಿನಿಂದಲೇ.

“ಕೇಳಿದರ... ತಾನ.”

ಸೋಲೊಪ್ಪುವ ಸ್ವಭಾವ ಅವಳದಲ್ಲ. “ಆತು. ಮನ್ಯಾಗ ಕರೀರಿ. ಮಂದ್ಯಾಗ ಮಾತ್ರ ಬ್ಯಾಡ. ಅಕ್ಕ ನಗತಾಳ.”

“ಮಂದ್ಯಾಗೂ... ಕರೀತೀನಿ.”

“ಕರದ್ರ ನಾ ಓ ಅನ್ನಂಗಿಲ್ಲ, ಈಗ ಹೇಳಿರ್ತೀನಿ.”

ಗಂಟಲು ಕೊಯ್ದ ದಿನದಿಂದ ಜಂಬಪ್ಪನೊಡನೆ ಯಾರೂ ಜಗಳವಾಡಿರಲಿಲ್ಲ. ಊರಿಗೆ ಊರೇ ಅವನಿಗೆ ಕರುಣೆ ತೋರಿಸಿತ್ತು. ಜಗಳಕ್ಕೆ ಇಬ್ಬರು ಬೇಕು, ಎರಡು ಬಾಯಿ ಬೇಕು. ದೇವರು ಎಷ್ಟೋ ಕಾಲದ ಮೇಲೆ ಆ ಎರಡನೆಯ ಬಾಯಿಯನ್ನು ಅವನಿಗೆ ಮರಳಿ ಕೊಟ್ಟಿದ್ದ.

ಮಂಟಪದ ಮೆಟ್ಟಿಲ ಮೇಲಿನಿಂದ ಅಕ್ಕನಾಗಮ್ಮ ಕೂಗಿದಳು. “ಏ, ಕಂಪ್ಲಿ ಗಾಡಿ ಹೋಕ್ಕೈತಿ. ಜಲ್ದಿ ಬರ್ರಿ ಇಬ್ಬರೂ, ಸ್ಟ್ಯಾಂಡಿಗೆ ಕೂಡಿ ಹೋಗೂಣು.”

“ನೀ ನಡಿಯಕ್ಕ,” ಎಂದಳು ತಾಯಕ್ಕ, ಹಿಂದಿರುಗಿ ನೋಡದೆ. “ನಮ್ಮ ಮಾತು ಇನ್ನ ಮುಗಿದಿಲ್ಲ.” ಗಂಡನ ಕಡೆ ಗದ್ದ ಎತ್ತಿದಳು. “ಹೂಂ, ಹೇಳ್ರಿ.”

ಜಂಬಪ್ಪ ಹಾರವನ್ನು ಎಡಗೈಗೆ ಬದಲಿಸಿಕೊಂಡು, ತುಟಿ ಮುಚ್ಚಿ, ಗಾಳಿ ನುಂಗಿದ. ರೇಷ್ಮೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾಯಕ್ಕ ಕಾದಳು.